ಎಲೆ ಅಳೆದು ನೋಡಿ, ಆಮೇಲೆ ದನ ಕಟ್ಟಿ



ತ್ರಾಸಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ನಡುವೆ ಒಬ್ಬ ಅಕ್ಕನ ಮನೆ. ಎರಡು ವರ್ಷದ ಹಿಂದೆ ಅವರ ಹಟ್ಟಿಯಲ್ಲಿ ಇದ್ದದ್ದು ಒಂದೇ ಜರ್ಸಿ ಮಿಶ್ರತಳಿ ದನ. ಅದರ ಗರ್ಭ ಪರೀಕ್ಷೆಗೆ ಹೋದ ದಿನ ಕೈ ತೊಳೆಯಲು ನೀರು ಕೊಡುತ್ತಾ ಅವರು ಕೇಳಿದರು: "ಹ್ವಾಯ್ ಡಾಕ್ಟ್ರೇ, ಇನ್ನೊಂದ್ ದನ ಕಟ್ಲಕ್ಕಾ? ಹುಲ್ಲ್ ಸಾಕಾತ್ತಾ?"

ನಾನು ತೋಟದ ಕಡೆ ನೋಡಿದೆ. ತೆಂಗಿನ ಮರಗಳ ನಡುವೆ ಸುಮಾರು 20 ಸೆಂಟ್ಸ್ ಜಾಗದಲ್ಲಿ ನೇಪಿಯರ್ ಹುಲ್ಲು. ಎದೆಮಟ್ಟ ಬೆಳೆದಿತ್ತು, ಕಡು ಹಸಿರು, ಎಲೆ ಒಂದೊಂದೂ ಎರಡು ಬೆರಳಿಗಿಂತ ಅಗಲ. ಆಗ ನಾನು ಎಲ್ಲರಿಗೂ 10 ಸೆಂಟ್ಸಿಗೆ ಒಂದು ದನ ಎಂದು ಲೆಕ್ಕ ಹೇಳುತ್ತಿದ್ದೆ. 20 ಸೆಂಟ್ಸ್ ಇದೆ, ಎಲೆ ಇಷ್ಟು ಚೆನ್ನಾಗಿದೆ, ಧಾರಾಳ ಸಾಕು ಎಂದುಬಿಟ್ಟೆ. ಅವರು ಸ್ವಸಹಾಯ ಸಂಘದಲ್ಲಿ ಸಾಲ ಮಾಡಿ ಒಂದು ಎಚ್.ಎಫ್. ದನ ತಂದರು.

ಮಳೆ ನಿಂತು ಎರಡು ತಿಂಗಳಾಗುವಷ್ಟರಲ್ಲಿ ತೋಟದ ಹುಲ್ಲು ಕೊಯ್ದು ಮುಗಿಯಿತು. 45 ದಿನಕ್ಕೆ ಕೊಯ್ಯಬೇಕಾದ ಬುಡವನ್ನು 25 ದಿನಕ್ಕೇ ಕೊಯ್ಯುವ ಸ್ಥಿತಿ ಬಂತು. ಹಾಗೆ ಬೇಗ ಬೇಗ ಕೊಯ್ದರೆ ಬುಡದಲ್ಲಿ ಕೂಡಿಟ್ಟ ಶಕ್ತಿ ತೀರಿಹೋಗಿ ಮುಂದಿನ ಚಿಗುರು ಇನ್ನೂ ಸಣ್ಣದಾಗುತ್ತದೆ; ಕೆಲವು ಬುಡ ಸತ್ತೇ ಹೋದವು. ಹುಲ್ಲಿನ ಕೊರತೆಯನ್ನು ಹಿಂಡಿಯಲ್ಲಿ ತುಂಬಿಸಲು ಹೋದರು. ಹಾಲಿನ ಕೊಬ್ಬು ಇಳಿಯಿತು. ಹಳೆಯ ದನ ಕರು ಹಾಕಿ ನಾಲ್ಕು ತಿಂಗಳಾದರೂ ಬೆದೆಗೆ ಬರಲಿಲ್ಲ. ಬೇಸಿಗೆಗೆ ಮೊದಲೇ ಹೊಸ ದನವನ್ನು ತಂದ ಬೆಲೆಗಿಂತ ಕಡಿಮೆಗೆ ಕೊಟ್ಟುಬಿಟ್ಟರು. ಸಾಲದ ಕಂತು ಮಾತ್ರ ಹಾಗೇ ಉಳಿಯಿತು.

ಅವರು ನನ್ನನ್ನು ಬೈಯಲಿಲ್ಲ. ಒಂದು ದಿನ ಡೈರಿಯಲ್ಲಿ ಹಾಲಿನ ಕ್ಯಾನ್ ಇಟ್ಟು ಇಷ್ಟು ಮಾತ್ರ ಕೇಳಿದರು: "ಅಷ್ಟ್ ಎಲೆ ಇತ್ತಲ್ದಾ ಡಾಕ್ಟ್ರೇ, ಅದೆಲ್ಲ ಎಲ್ಲಿಗ್ ಹೋಯ್ತ್?"

ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಕಾಲೇಜಿನ ಮೇವು ಬೆಳೆ ಪಾಠವನ್ನು ಮತ್ತೆ ತೆರೆಯಬೇಕಾಯಿತು. ಎಲೆಯ ವಿಸ್ತೀರ್ಣ ಅಳೆಯುವ ವಿಧಾನಗಳು ಎಂಬ ಪಾಠ ಅಲ್ಲಿತ್ತು. ಪರೀಕ್ಷೆಗೆ ಓದಿ ಮರೆತದ್ದು. ದನ ಕಟ್ಟುವ ಮನೆಗೆ ಇದು ಬೇಕಾದ ಪಾಠ ಎಂದು ಆಗ ಗೊತ್ತಾಗಿರಲಿಲ್ಲ. ಮಕ್ಕಳ ಸ್ಕೇಲು, ಒಂದು ಗ್ರಾಫ್ ಹಾಳೆ, ಅಡುಗೆಮನೆಯ ತಕ್ಕಡಿ ಇದ್ದರೆ ನೀವೇ ಮಾಡಬಹುದಾದ ಕೆಲಸ ಇದು.

ಎಲೆಯನ್ನೇ ಏಕೆ ಅಳೆಯಬೇಕು?

ಗಿಡದ ಅಡುಗೆಮನೆ ಎಲೆ. ಬಿಸಿಲು ಬೀಳುವುದು ಎಲೆಯ ಮೇಲೆ, ಆಹಾರ ತಯಾರಾಗುವುದು ಅಲ್ಲೇ. ಎಷ್ಟು ಹಸಿರು ಎಲೆ ಹರಡಿದೆಯೋ ಅಷ್ಟು ಬಿಸಿಲನ್ನು ಗಿಡ ಹಿಡಿಯುತ್ತದೆ, ಅಷ್ಟು ಬೇಗ ಬೆಳೆಯುತ್ತದೆ. ದನದ ಕಡೆಯಿಂದ ನೋಡಿದರೂ ಎಲೆಗೇ ಬೆಲೆ ಹೆಚ್ಚು. ನೇಪಿಯರ್‌ನಂಥ ಹುಲ್ಲಿನಲ್ಲಿ ಕಾಂಡಕ್ಕಿಂತ ಎಲೆಯಲ್ಲಿ ಪ್ರೋಟೀನ್ ಬಹಳ ಹೆಚ್ಚು, ಜೀರ್ಣವಾಗುವುದೂ ಸುಲಭ. ಬಲಿತ ಕಾಂಡವನ್ನು ದನ ಗೋದಲಿಯಲ್ಲಿ ಬಿಟ್ಟು ಎಲೆ ಮಾತ್ರ ಆರಿಸಿ ತಿನ್ನುವುದನ್ನು ನೀವು ನೋಡಿಯೇ ಇರುತ್ತೀರಿ. ಅದಕ್ಕೆ ಕೃಷಿ ಪದವಿ ಬೇಕಾಗಿಲ್ಲ.

ಒಂದು ಎಲೆ ಅಳೆಯುವುದು

ಎಲ್ಲಕ್ಕಿಂತ ಸರಿಯಾದ ಲೆಕ್ಕ ಕೊಡುವುದು ಗ್ರಾಫ್ ಹಾಳೆ. ಹೈಸ್ಕೂಲು ಮಕ್ಕಳಿರುವ ಮನೆಯಲ್ಲಿ ಹಾಳೆ ಇದ್ದೇ ಇರುತ್ತದೆ. ಅದರ ದೊಡ್ಡ ಚೌಕ ಒಂದೊಂದೂ 1 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ. ನೇಪಿಯರ್ ಎಲೆ ಉದ್ದವಾದ್ದರಿಂದ ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿ, ಸುರುಳಿ ಬಿಡಿಸಿ ಹಾಳೆಯ ಮೇಲೆ ಒತ್ತಿ ಹಿಡಿದು, ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆಯ ಒಳಗೆ ಪೂರ್ತಿ ಇರುವ ಚೌಕಗಳನ್ನು ಎಣಿಸಿ. ಅರ್ಧ ಅಥವಾ ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಒಂದು ಎಂದು ಹಿಡಿಯಿರಿ, ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಬಂದ ಸಂಖ್ಯೆಯೇ ಎಲೆಯ ವಿಸ್ತೀರ್ಣ, ಚದರ ಸೆಂ.ಮೀ. ಲೆಕ್ಕದಲ್ಲಿ.

ಹೀಗೆ ನೂರು ಎಲೆ ಎಣಿಸುತ್ತ ಕುಳಿತರೆ ಸಂಜೆಯ ಹಾಲು ಕರೆಯುವವರು ಯಾರು? ಅದಕ್ಕೊಂದು ಒಳದಾರಿ ಇದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದ ಮೇಲೆ ಕೆಲಸ ಮಾಡುತ್ತಿದ್ದ ಮಾಂಟ್‌ಗೊಮರಿ ಎಂಬ ವಿಜ್ಞಾನಿ 1911ರಲ್ಲಿ ತೋರಿಸಿಕೊಟ್ಟ ಲೆಕ್ಕ ಅದು. ಎಲೆಯ ಉದ್ದವನ್ನು ಅದರ ಅತಿ ಹೆಚ್ಚು ಅಗಲದಿಂದ ಗುಣಿಸಿ, ಬಂದದ್ದನ್ನು 0.75ರಿಂದ ಗುಣಿಸಿದರೆ ಎಲೆಯ ವಿಸ್ತೀರ್ಣ ಸುಮಾರಾಗಿ ಸಿಗುತ್ತದೆ. ಏಕೆಂದರೆ ಎಲೆ ಪಟ್ಟಿಯಂತೆ ಕೊನೆವರೆಗೂ ಒಂದೇ ಅಗಲ ಇರುವುದಿಲ್ಲ, ತುದಿಗೆ ಹೋದಂತೆ ಚೂಪಾಗುತ್ತದೆ. ಪೂರ್ತಿ ಪಟ್ಟಿಯ ಮುಕ್ಕಾಲು ಪಾಲು ಮಾತ್ರ ಎಲೆ. ನಮ್ಮ ಗದ್ದೆಯ ಭತ್ತದ ಎಲೆಗೂ ಸಂಶೋಧಕರು ಹೆಚ್ಚಾಗಿ ಇದೇ ಮುಕ್ಕಾಲಿನ ಲೆಕ್ಕವನ್ನು ಬಳಸುತ್ತಾರೆ.

ಒಂದು ಉದಾಹರಣೆ ನೋಡಿ. ನಿಮ್ಮ ನೇಪಿಯರ್ ಎಲೆ ಒಂದರ ಉದ್ದ 90 ಸೆಂ.ಮೀ., ಅಗಲವಾದ ಜಾಗದಲ್ಲಿ ಅಳತೆ 3 ಸೆಂ.ಮೀ. ಇದೆ ಎನ್ನಿ. 90ನ್ನು 3ರಿಂದ ಗುಣಿಸಿದರೆ 270. ಅದರ ಮುಕ್ಕಾಲು ಪಾಲು ಎಂದರೆ ಸುಮಾರು 202 ಚದರ ಸೆಂ.ಮೀ. ಉದ್ದವನ್ನು ಎಲೆ ಕಾಂಡದಿಂದ ಬಿಡಿಸಿಕೊಳ್ಳುವ ಜಾಗದಿಂದ ತುದಿವರೆಗೆ ಹಿಡಿಯಬೇಕು. ಕಾಂಡವನ್ನು ಸುತ್ತಿಕೊಂಡಿರುವ ಕವಚದ ಭಾಗ ಲೆಕ್ಕಕ್ಕಿಲ್ಲ. ಟೈಲರ್ ಟೇಪು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಿಡಿಸೂಡಿಯ ಕಡ್ಡಿಯೊಂದನ್ನು ಎಲೆಯ ಮೇಲಿಟ್ಟು ಉಗುರಿನಲ್ಲಿ ಗುರುತು ಮಾಡಿ, ಆಮೇಲೆ ಸ್ಕೇಲಿನಲ್ಲಿ ನೋಡಿದರೂ ಆಗುತ್ತದೆ.

0.75 ಮೆಕ್ಕೆಜೋಳಕ್ಕೆ ಹುಟ್ಟಿದ ಅಂಕಿ. ನಿಮ್ಮ ಹುಲ್ಲಿನ ತಳಿಗೆ ಅದು ಸ್ವಲ್ಪ ಆಚೀಚೆ ಆಗಬಹುದು. ಹಾಗಾಗಿ ಒಮ್ಮೆ ಮಾತ್ರ ಐದು ಎಲೆಗಳನ್ನು ಎರಡೂ ವಿಧಾನದಲ್ಲಿ ಅಳೆದು ನೋಡಿ. ಗ್ರಾಫ್ ಹಾಳೆಯಲ್ಲಿ ಬಂದ ಅಂಕಿಯನ್ನು ಉದ್ದ-ಅಗಲದ ಗುಣಲಬ್ಧದಿಂದ ಭಾಗಿಸಿ. 270ರ ಎಲೆ ಹಾಳೆಯ ಮೇಲೆ 195 ಚೌಕ ಬಂದರೆ ನಿಮ್ಮ ಅಂಕಿ 0.72. ಐದರ ಸರಾಸರಿ ತೆಗೆದು ಹಟ್ಟಿಯ ಗೋಡೆಯ ಮೇಲೆ ಬರೆದಿಡಿ. ಮುಂದೆ ಗ್ರಾಫ್ ಹಾಳೆ ಬೇಡ, ಸ್ಕೇಲು ಸಾಕು.

ನಮ್ಮ ಕಡಲ ಬದಿಯ ಊರುಗಳಿಗೆ ಒಂದು ಸೂಚನೆ. ಮರವಂತೆ, ತ್ರಾಸಿ, ಗಂಗೊಳ್ಳಿ ಕಡೆ ಉಪ್ಪುಗಾಳಿಗೆ ಎಲೆಯ ತುದಿ, ಅಂಚು ಸುಟ್ಟಂತೆ ಒಣಗುವುದುಂಟು. ಅಳೆಯುವಾಗ ಒಣಗಿದ ಭಾಗವನ್ನು ಬಿಡಿ, ಹಸಿರಿರುವಷ್ಟು ಮಾತ್ರ ಹಿಡಿಯಿರಿ. ಒಣಗಿದ ಎಲೆ ಬಿಸಿಲು ಹಿಡಿಯುವುದಿಲ್ಲ, ದನವೂ ಅದನ್ನು ಇಷ್ಟಪಡುವುದಿಲ್ಲ.

ಒಂದು ಎಲೆಯಿಂದ ಒಂದು ಬುಡಕ್ಕೆ

ಒಂದು ಎಲೆ ಎಷ್ಟು ಅಗಲ ಎಂಬುದು ಮಾತ್ರ ಗೊತ್ತಾದರೆ ಮೋಸ ಹೋಗುತ್ತೀರಿ. ನಾನು ಮೋಸ ಹೋದದ್ದು ಅಲ್ಲೇ. ಒಂದು ಬುಡದಲ್ಲಿ ಒಟ್ಟು ಎಷ್ಟು ಎಲೆ ಇದೆ, ಆ ಬುಡ ಎಷ್ಟು ನೆಲ ಹಿಡಿದಿದೆ ಎಂಬುದೂ ಬೇಕು.

ತೋಟದಲ್ಲಿ ಚೆನ್ನಾಗಿರುವ ಒಂದು, ಸಾಧಾರಣದ ಒಂದು, ಬಡಕಲು ಒಂದು, ಹೀಗೆ ಮೂರು ಬುಡ ಆರಿಸಿಕೊಳ್ಳಿ. ಚೆಂದದ್ದನ್ನು ಮಾತ್ರ ಆರಿಸುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ತಡೆದುಕೊಳ್ಳಿ. ಪ್ರತಿ ಬುಡದಲ್ಲಿ ಎಷ್ಟು ತೆಂಡೆ ಒಡೆದಿದೆ ಎಣಿಸಿ. ಒಂದು ತೆಂಡೆಯಲ್ಲಿ ಪೂರ್ತಿ ಬಿಚ್ಚಿದ ಹಸಿರು ಎಲೆ ಎಷ್ಟಿದೆ ನೋಡಿ. ಆ ತೆಂಡೆಯ ಎಲ್ಲ ಎಲೆಗಳನ್ನೂ ಅಳೆದು ಸರಾಸರಿ ತೆಗೆಯಿರಿ; ಮೇಲಿನ ಎಲೆ, ನಡುವಿನ ಎಲೆ, ಕೆಳಗಿನ ಎಲೆ ಒಂದೇ ಅಳತೆಯವಲ್ಲ.

ಈಗ ಎರಡು ಬುಡ ಹೋಲಿಸೋಣ. ಎರಡನ್ನೂ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಬುಡದಿಂದ ಬುಡಕ್ಕೆ 50 ಸೆಂ.ಮೀ. ಬಿಟ್ಟು ನೆಟ್ಟಿದ್ದಾರೆ. ಅಂದರೆ ಒಂದು ಬುಡಕ್ಕೆ 3,000 ಚದರ ಸೆಂ.ಮೀ. ನೆಲ. ಬಯಲಿನಲ್ಲಿ, ಬಿಸಿಲಲ್ಲಿ ಬೆಳೆದ ಬುಡದಲ್ಲಿ 25 ತೆಂಡೆ, ತೆಂಡೆಗೆ 6 ಎಲೆ, ಸರಾಸರಿ ಎಲೆ 120 ಚದರ ಸೆಂ.ಮೀ. ಎನ್ನಿ. ಒಟ್ಟು 18,000. ನೆಲದ ಆರು ಪಟ್ಟು ಎಲೆ. ತೆಂಗಿನ ನೆರಳಿನ ಬುಡದಲ್ಲಿ ಎಲೆ ಅಗಲ, ಸರಾಸರಿ 150 ಚದರ ಸೆಂ.ಮೀ. ಆದರೆ ತೆಂಡೆ 12, ತೆಂಡೆಗೆ ಎಲೆ 5. ಒಟ್ಟು 9,000. ನೆಲದ ಮೂರು ಪಟ್ಟು ಮಾತ್ರ. ಒಂದೊಂದು ಎಲೆ ನೋಡಿದರೆ ನೆರಳಿನದೇ ಗೆಲ್ಲುತ್ತದೆ. ಬುಡ ಲೆಕ್ಕ ಹಾಕಿದರೆ ಅರ್ಧಕ್ಕೆ ಇಳಿಯುತ್ತದೆ.

ಹೀಗೆ ನೆಲದ ಎಷ್ಟು ಪಟ್ಟು ಎಲೆ ಇದೆ ಎಂಬ ಅಂಕಿಗೆ ಎಲೆ ವಿಸ್ತೀರ್ಣ ಸೂಚ್ಯಂಕ ಎನ್ನುತ್ತಾರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ವಾಟ್ಸನ್ ಎಂಬವರು 1947ರಲ್ಲಿ ಈ ಅಳತೆಯನ್ನು ಬಳಕೆಗೆ ತಂದರು. ನೆಟ್ಟಗೆ ನಿಲ್ಲುವ ಎಲೆಯ ಹುಲ್ಲುಗಳಲ್ಲಿ ಇದು ಸುಮಾರು 4ರಿಂದ 6ಕ್ಕೆ ಬಂದಾಗ ಬಿದ್ದ ಬಿಸಿಲಿನ ಬಹುಪಾಲನ್ನು ಎಲೆಗಳೇ ಹಿಡಿದಿರುತ್ತವೆ. ಅಲ್ಲಿಂದ ಮುಂದೆ ಮೇಲಿನ ಎಲೆ ಕೆಳಗಿನ ಎಲೆಗೆ ನೆರಳು ಹಾಕಿ, ಕೆಳಗಿನವು ಹಳದಿಯಾಗಿ ಒಣಗಲು ಶುರು. ಇದನ್ನು ತಿಳಿಯಲು ದಿನಾ ಸ್ಕೇಲು ಹಿಡಿಯಬೇಕಿಲ್ಲ. ಬುಡಕ್ಕೆ ಬಗ್ಗಿ ನೋಡಿ, ಕೆಳಗಿನ ಒಂದೆರಡು ಎಲೆ ಹಳದಿ ತಿರುಗಿದ್ದರೆ ಕತ್ತಿ ತೆಗೆದುಕೊಳ್ಳುವ ಸಮಯ. ನಾಟಿ ಮಾಡಿದ ಮೇಲೆ ಮೊದಲ ಕೊಯ್ಲಿಗೆ 75ರಿಂದ 80 ದಿನ, ಆಮೇಲೆ ಸುಮಾರು 45 ದಿನಕ್ಕೊಮ್ಮೆ ಎಂಬ ಲೆಕ್ಕ ಇದಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. ನಿಮ್ಮ ಮಣ್ಣು ಹೊಯ್ಗೆಯಾಗಿದ್ದು ನೀರು, ಗೊಬ್ಬರ ನಿಲ್ಲದಿದ್ದರೆ ಇನ್ನಷ್ಟು ದಿನ ಬೇಕಾಗಬಹುದು.

ನೀರುದೋಸೆ ಎಲೆ

ನೆರಳಿನಲ್ಲಿ ಎಲೆ ಅಗಲವಾಗುವುದು ಏಕೆ? ಬಿಸಿಲು ಕಡಿಮೆ ಸಿಗುವಾಗ ಗಿಡ ಇದ್ದಷ್ಟು ಬಂಡವಾಳವನ್ನು ತೆಳ್ಳಗೆ ಹರಡಿ ಹೆಚ್ಚು ಜಾಗ ಹಿಡಿಯಲು ನೋಡುತ್ತದೆ. ಒಂದು ಸೌಟು ಹಿಟ್ಟಿನಲ್ಲಿ ದಪ್ಪನೆಯ ಉದ್ದಿನ ದೋಸೆಯನ್ನೂ ಹುಯ್ಯಬಹುದು, ಕಾವಲಿ ತುಂಬ ನೀರುದೋಸೆಯನ್ನೂ ಹುಯ್ಯಬಹುದು. ನೋಡಲು ನೀರುದೋಸೆ ದೊಡ್ಡದು. ಹೊಟ್ಟೆಗೆ?

ಇದನ್ನು ನಿಮ್ಮ ಕಣ್ಣಾರೆ ನೋಡಬಹುದು. ಬಿಸಿಲಿನ ಹುಲ್ಲಿನಿಂದ ಒಂದಷ್ಟು, ನೆರಳಿನ ಹುಲ್ಲಿನಿಂದ ಒಂದಷ್ಟು ಎಲೆ ತನ್ನಿ. ಎಲೆಯ ನಡುಭಾಗದಿಂದ, ನಡುವಿನ ನರ ಸೇರಿಸಿಯೇ, 10 ಸೆಂ.ಮೀ. ಉದ್ದ 2 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ. ಒಂದು ಪಟ್ಟಿ 20 ಚದರ ಸೆಂ.ಮೀ. 50 ಪಟ್ಟಿಯಾದರೆ 1,000. ಎರಡೂ ರಾಶಿಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತಕ್ಕಡಿ ಇಲ್ಲದಿದ್ದರೆ ಅಂಗಡಿಯಲ್ಲಿ ಕೇಳಿ, ನಗುತ್ತಾರೆ, ಆದರೆ ತೂಗಿಕೊಡುತ್ತಾರೆ. ಬಿಸಿಲಿನದು 24 ಗ್ರಾಂ ಬಂದು ನೆರಳಿನದು 17 ಗ್ರಾಂ ಬಂದರೆ ಅದೇ ವಿಸ್ತೀರ್ಣದ ಎಲೆಯಲ್ಲಿ ದನಕ್ಕೆ ಸಿಗುವ ಮೇವು ಸುಮಾರು ಮೂರರಲ್ಲಿ ಎರಡು ಪಾಲು.

ಈಗ ಎರಡನ್ನೂ ಕೂಡಿಸಿ ನೋಡಿ. ನೆರಳಿನ ಬುಡದಲ್ಲಿ ಎಲೆ ಹರವು ಅರ್ಧ. ಆ ಅರ್ಧದ ತೂಕವೂ ಮೂರನೇ ಒಂದು ಪಾಲು ಕಡಿಮೆ. ಹಾಗಾದರೆ ಬಿಸಿಲಿನ ಬುಡದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಎಲೆ ಮಾತ್ರ ಅಲ್ಲಿದೆ. ತ್ರಾಸಿಯ ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಎಲೆ ಎಲ್ಲಿಗೂ ಹೋಗಿರಲಿಲ್ಲ. ನಾನು ಕಂಡೆನೆಂದುಕೊಂಡಷ್ಟು ಎಲೆ ಅಲ್ಲಿ ಮೊದಲೇ ಇರಲಿಲ್ಲ.

ದನದ ಲೆಕ್ಕಕ್ಕೆ ತರುವುದು

ಕೊನೆಗೆ ನಮಗೆ ಬೇಕಾದದ್ದು ದಿನಕ್ಕೆ ಎಷ್ಟು ಕೆ.ಜಿ. ಹುಲ್ಲು ಎಂಬುದು. ಇದಕ್ಕೆ ಎಲೆ ಅಳತೆಯ ಜೊತೆಗೆ ಒಂದು ಕೊಯ್ಲಿನ ತೂಕವೂ ಬೇಕು. ಕೊಯ್ಲಿಗೆ ಬಂದ ತೋಟದಲ್ಲಿ ಅಲ್ಲಲ್ಲಿ ಐದು ಬುಡ ಕೊಯ್ದು, ಹಗ್ಗದಲ್ಲಿ ಕಟ್ಟಿ, ತೂಗುಬಿಲ್ಲೆಯಲ್ಲಿ ತೂಗಿ, ಐದರಿಂದ ಭಾಗಿಸಿ. ಬೆಳಗಿನ ಇಬ್ಬನಿ, ಮಳೆನೀರು ಆರಿದ ಮೇಲೆ ತೂಗಬೇಕು. ಆಮೇಲೆ ಒಟ್ಟು ಬುಡ ಎಷ್ಟಿದೆ ಎಣಿಸಿ. ಒಂದು ಸಾಲು ಎಣಿಸಿ ಸಾಲುಗಳ ಸಂಖ್ಯೆಯಿಂದ ಗುಣಿಸಿದರೆ ಸಾಕು. ಸತ್ತ ಬುಡ, ತೆಂಗಿನ ಕಟ್ಟೆಯ ಜಾಗ ಕಳೆಯಿರಿ.

ಹಾಲು ಕೊಡುವ ಒಂದು ಮಿಶ್ರತಳಿ ದನಕ್ಕೆ ದಿನಕ್ಕೆ 25 ಕೆ.ಜಿ. ಹಸಿರು ಹುಲ್ಲು ಎಂದು ಹಿಡಿಯೋಣ, ಬೈಹುಲ್ಲು ಮತ್ತು ಪಶು ಆಹಾರ ಬೇರೆ. ಬಿಸಿಲಿನ ಬುಡ ಒಂದು ಕೆ.ಜಿ. ತೂಗಿದರೆ ದಿನಕ್ಕೆ 25 ಬುಡ. ಕೊಯ್ದ ಬುಡಕ್ಕೆ ಮತ್ತೆ ಬರಲು 45 ದಿನ ಬಿಡಬೇಕಲ್ಲ, ಹಾಗಾಗಿ 25ನ್ನು 45ರಿಂದ ಗುಣಿಸಿದರೆ 1,125 ಬುಡ. ಮೇಲೆ ಹೇಳಿದ ಅಂತರದಲ್ಲಿ ನೆಟ್ಟರೆ ಇದಕ್ಕೆ ಎಂಟೂವರೆ ಸೆಂಟ್ಸ್ ಜಾಗ. ನಾನು ಹೇಳುತ್ತಿದ್ದ 10 ಸೆಂಟ್ಸಿನ ಲೆಕ್ಕ ಬಿಸಿಲಿನ ಜಾಗಕ್ಕೆ ತಪ್ಪಲ್ಲ. ಆದರೆ ನೆರಳಿನ ಬುಡ ಒಂದು ಕೆ.ಜಿ.ಯ ಮೂರನೇ ಒಂದು ಪಾಲು ಮಾತ್ರ ತೂಗಿದರೆ ದಿನಕ್ಕೆ 75 ಬುಡ, ಒಟ್ಟು 3,375 ಬುಡ, 25 ಸೆಂಟ್ಸ್ ಜಾಗ. ಅದು ಒಂದೇ ದನಕ್ಕೆ.

ಆ ಅಕ್ಕನ ತೋಟದಲ್ಲಿ ನಾವಿಬ್ಬರೂ ಕೂಡಿ ಎಣಿಸಿದೆವು. ತೆಂಗಿನ ಕಟ್ಟೆ ಬಿಟ್ಟರೆ ಸುಮಾರು 2,250 ಬುಡ ಇತ್ತು. ದಿನಕ್ಕೆ 50 ಬುಡ, ಹೆಚ್ಚೆಂದರೆ 17 ಕೆ.ಜಿ. ಹುಲ್ಲು. ಮೊದಲು ಒಂದು ದನ ಇದ್ದಾಗ ಸುಧಾರಿಸಿದ್ದು ಗದ್ದೆಯ ಬದುವಿನಿಂದ ದಿನಾ ಅವರು ಕೊಯ್ದು ತರುತ್ತಿದ್ದ ಒಂದು ಹೊರೆಯಿಂದ. ಆ ಹೊರೆಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಂಗಸರು ತಲೆಯ ಮೇಲೆ ಹೊತ್ತು ತರುವ ಹುಲ್ಲು ಯಾವ ಯೋಜನಾ ವರದಿಯಲ್ಲೂ ಕಾಣುವುದಿಲ್ಲ ಬಿಡಿ.

ತೂಗಿದ ಐದು ಬುಡದಲ್ಲಿ ಒಂದರ ಎಲೆಯನ್ನೂ ಕಾಂಡವನ್ನೂ ಬೇರೆ ಬೇರೆ ಮಾಡಿ ತೂಗಿ ನೋಡುವುದು ಒಳ್ಳೆಯದು. ಎಲೆ ಅರ್ಧಕ್ಕೆ ಹತ್ತಿರ ಇದ್ದರೆ ಹುಲ್ಲು ಸರಿಯಾದ ಹದದಲ್ಲಿದೆ. ಕಾಂಡವೇ ಮುಕ್ಕಾಲು ಪಾಲು ತೂಗಿದರೆ ನೀವು ಕೊಯ್ಲು ತಡ ಮಾಡಿದ್ದೀರಿ. ತೂಕ ಬಂದಿದೆ, ಸತ್ವ ಇಳಿದಿದೆ.

ಮಳೆಗಾಲದಲ್ಲಿ ತೂಕವೂ ಮೋಸ ಮಾಡುತ್ತದೆ. ಜುಲೈ ತಿಂಗಳ ಎಳೆ ಹುಲ್ಲಿನಲ್ಲಿ ನೀರೇ ಹೆಚ್ಚು. 100 ಗ್ರಾಂ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸೀಯದಂತೆ ಗರಿಗರಿಯಾಗುವವರೆಗೆ ಒಣಗಿಸಿ ಮತ್ತೆ ತೂಗಿ. 20 ಗ್ರಾಂ ಉಳಿದರೆ 25 ಕೆ.ಜಿ. ಹುಲ್ಲಿನಲ್ಲಿ 5 ಕೆ.ಜಿ. ಒಣ ಪದಾರ್ಥ ದನಕ್ಕೆ ಸಿಕ್ಕಿತು. 15 ಗ್ರಾಂ ಮಾತ್ರ ಉಳಿದರೆ ಮೂರೂಮುಕ್ಕಾಲು ಕೆ.ಜಿ. ಈ ಒಂದೂಕಾಲು ಕೆ.ಜಿ.ಯ ಕೊರತೆಯನ್ನು ಬೈಹುಲ್ಲಿನಿಂದ ತುಂಬಿಸಿ. ಮಳೆಗಾಲದಲ್ಲಿ ಸಗಣಿ ತೆಳ್ಳಗಾಗುತ್ತದೆ ಎಂದು ಫೋನ್ ಮಾಡುವ ಅನೇಕರಿಗೆ ನಾನು ಮೊದಲು ಹೇಳುವುದು ಔಷಧಿಯಲ್ಲ, ಬೈಹುಲ್ಲು.

ಬೇರೆ ಎಲೆಗಳು, ಬೇರೆ ದಾರಿಗಳು

ಅಲಸಂದೆಯ ಒಂದು ಎಲೆಯಲ್ಲಿ ಮೂರು ಬಿಡಿ ಎಲೆ, ಗ್ಲಿರಿಸಿಡಿಯಾ (ನಮ್ಮ ಗೊಬ್ಬರದ ಗಿಡ), ಅಗಸೆಗಳಲ್ಲಿ ಇನ್ನೂ ಹೆಚ್ಚು. ಇವಕ್ಕೆ 0.75 ಹಿಡಿಯಬೇಡಿ. ಒಂದು ಬಿಡಿ ಎಲೆಯನ್ನು ಗ್ರಾಫ್ ಹಾಳೆಯಲ್ಲಿ ಅಳೆದು, ಬಿಡಿ ಎಲೆಗಳ ಸಂಖ್ಯೆಯಿಂದ ಗುಣಿಸಿ. ಚೆಲ್ಲಿ ಬಿತ್ತಿದ ಮೇವಿಗೆ, ಬುಡ ಬೇರೆ ಮಾಡಲಾಗದ ಹುಲ್ಲಿಗೆ ಚೌಕಟ್ಟು ಬೇಕು. ಅಡಿಕೆ ದಬ್ಬೆಯಲ್ಲೋ ಪಿ.ವಿ.ಸಿ. ಪೈಪಿನಲ್ಲೋ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿ, ಕಣ್ಣು ಮುಚ್ಚಿ ಎಸೆದಂತೆ ಮೂರು ಕಡೆ ಹಾಕಿ, ಒಳಗಿನದನ್ನು ಕೊಯ್ದು ತೂಗಿ. ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರ್.

ಪ್ರಯೋಗಾಲಯಗಳಲ್ಲಿ ಎಲೆಯನ್ನು ಒಳಗೆ ಸರಿಸಿದರೆ ತಾನೇ ವಿಸ್ತೀರ್ಣ ಹೇಳುವ ಯಂತ್ರಗಳಿವೆ. ಎಲೆಯ ಆಕಾರವನ್ನು ಕಾಗದದಲ್ಲಿ ಕತ್ತರಿಸಿ, ಆ ಕಾಗದವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕುವ ಹಳೆಯ ಪದ್ಧತಿಯೂ ಇದೆ. ಫೋನಿನಲ್ಲಿ ಫೋಟೋ ತೆಗೆದರೆ ಅಳತೆ ಹೇಳುವ ಆಪ್‌ಗಳು ಬಂದಿವೆ. ಬಿಡಿ ಎಲೆಗೆ ಅವು ಪರವಾಗಿಲ್ಲ. ಮೇಲಿನಿಂದ ತೆಗೆದ ತೋಟದ ಫೋಟೋ ಮಾತ್ರ ಮೇಲಿನ ಪದರವನ್ನಷ್ಟೇ ನೋಡುತ್ತದೆ, ಅಡಿಯಲ್ಲಿ ಎಷ್ಟು ಪದರ ಎಲೆ ಇದೆ ಎಂದು ಅದಕ್ಕೆ ಕಾಣುವುದಿಲ್ಲ. ಅದು ನನ್ನ ಕಣ್ಣು ಮಾಡಿದ ತಪ್ಪನ್ನೇ ಮಾಡುತ್ತದೆ.

ಎರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎಲೆ ಹೆಚ್ಚಿರುವ ಎಳೆ ಹುಲ್ಲು ಯಾವಾಗಲೂ ಒಳ್ಳೆಯದು ಎಂದುಕೊಳ್ಳಬೇಡಿ. ಹೂ ಬಿಡುವ ಮೊದಲಿನ ಎಳೆ ಜೋಳದ ಗರಿಯಲ್ಲಿ ವಿಷ ಇರುತ್ತದೆ, ಅದರಲ್ಲೂ ನೀರಿಲ್ಲದೆ ಬಾಡಿದ ಜೋಳದಲ್ಲಿ. ದನ ತಿಂದ ಸ್ವಲ್ಪ ಹೊತ್ತಿಗೇ ಸಾಯಬಹುದು. ಹಟ್ಟಿ ತೊಳೆದ ನೀರನ್ನು ದಿನಾ ಒಂದೇ ಕಡೆ ನೇಪಿಯರ್‌ಗೆ ಬಿಟ್ಟು, ಕಪ್ಪು ಹಸಿರಾದ ಎಳೆ ಎಲೆಯನ್ನೇ ಹೊಟ್ಟೆ ತುಂಬ ಹಾಕುವುದೂ ಅಪಾಯ, ಅದರಲ್ಲಿ ನೈಟ್ರೇಟ್ ಸೇರಿಕೊಂಡಿರುತ್ತದೆ. ಸಾಲು ಬದಲಿಸಿ ನೀರು ಬಿಡಿ, ಹಾಕುವಾಗ ಬೈಹುಲ್ಲಿನ ಜೊತೆ ಬೆರೆಸಿ. ನೇಪಿಯರ್‌ನ ಎಳೆ ಹುಲ್ಲಿನಲ್ಲಿ ಆಕ್ಸಲೇಟ್ ಹೆಚ್ಚಿದ್ದು ಅದು ಸುಣ್ಣದ ಅಂಶವನ್ನು ಹಿಡಿದಿಡುವುದರಿಂದ, ದಿನಕ್ಕೆ 50 ಗ್ರಾಂ ಲವಣ ಮಿಶ್ರಣ ತಪ್ಪಿಸಬೇಡಿ.

ತೆಂಗಿನ ತೋಟ ಇದ್ದವರು ಏನು ಮಾಡಬೇಕು?

ನಮ್ಮ ಕಡೆ ತೆಂಗಿನ ತೋಟ ಬಿಟ್ಟು ಹುಲ್ಲಿಗೆ ಬೇರೆ ಜಾಗ ಇರುವವರು ಕಡಿಮೆ. ಹಾಗಾಗಿ ತೋಟದಲ್ಲಿ ಹುಲ್ಲು ಬೇಡ ಎಂದು ನಾನು ಹೇಳುವುದಿಲ್ಲ. ಮರ ಎತ್ತರವಾಗಿದ್ದು ನಡುವೆ ಬಿಸಿಲು ಇಳಿಯುವ ಹಳೆಯ ತೋಟದಲ್ಲಿ ನೇಪಿಯರ್ ತಕ್ಕಮಟ್ಟಿಗೆ ಬರುತ್ತದೆ. ಗಿಡ್ಡ ಮರದ ದಟ್ಟ ನೆರಳಿಗೆ ಗಿನಿ ಹುಲ್ಲು ಹಾಕಿ, ಅದು ನೇಪಿಯರ್‌ಗಿಂತ ನೆರಳು ತಡೆಯುತ್ತದೆ. ನೇಪಿಯರ್‌ನ್ನು ತೋಟದ ಅಂಚಿಗೆ, ಬಾವಿಕಟ್ಟೆಯ ನೀರು ಹರಿಯುವ ಬಯಲಿಗೆ, ಗದ್ದೆಯ ಬದುವಿಗೆ ತನ್ನಿ. ಭತ್ತ ಕೊಯ್ದ ಮೇಲೆ ಒಂದು ಮೂಲೆಯಲ್ಲಿ ಅಲಸಂದೆ ಚೆಲ್ಲಬಹುದು. ಹೊಯ್ಗೆ ಗದ್ದೆಯಲ್ಲಿ ನೆಲಗಡಲೆ ಬೆಳೆಯುವವರು ಬಳ್ಳಿಯನ್ನು ಒಣಗಿಸಿ ಇಟ್ಟುಕೊಳ್ಳಿ, ಬೈಹುಲ್ಲಿಗಿಂತ ಒಳ್ಳೆಯ ಮೇವು. ಯಾವ ತಳಿ ನಿಮ್ಮ ಮಣ್ಣಿಗೆ ಹೊಂದುತ್ತದೆ ಎಂದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ತ್ರಾಸಿಯ ಅಕ್ಕ ಈಗ ಹಾಗೇ ಮಾಡಿದ್ದಾರೆ. ನೆರಳಿನ ಅರ್ಧ ಭಾಗಕ್ಕೆ ಗಿನಿ ಹುಲ್ಲು ಬಂದಿದೆ. ಗದ್ದೆಯ ಕಡೆಯ ಐದು ಸೆಂಟ್ಸಿನಲ್ಲಿ ನೇಪಿಯರ್ ನೆಟ್ಟಿದ್ದಾರೆ. ಹಳೆಯ ಸಾಲದ ಕಂತು ಮುಗಿದದ್ದು ಕಳೆದ ಯುಗಾದಿಗೆ. ಹೋದ ತಿಂಗಳು ಕರುವಿಗೆ ಲಸಿಕೆ ಹಾಕಲು ಹೋದಾಗ ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು, ಇನ್ನೊಂದು ದನ ಕಟ್ಟಬಹುದಾ ಎಂದು. ನಾನು ತೋಟದ ಕಡೆ ನೋಡುವ ಮೊದಲೇ ಮಗಳ ಗಣಿತದ ಪುಸ್ತಕ ತಂದು ಮುಂದೆ ಹಿಡಿದರು. ಹಿಂದಿನ ಪುಟದಲ್ಲಿ ಬುಡ, ತೆಂಡೆ, ಎಲೆ, ತೂಕ ಎಲ್ಲ ಬರೆದಿತ್ತು. ಬಿಸಿಲಿನ ಬುಡ ಮುಕ್ಕಾಲು ಕೆ.ಜಿ. ಬಂದಿತ್ತು. ದಿನಕ್ಕೆ ಎರಡು ದನಕ್ಕೆ ಬೇಕಾದ 50 ಕೆ.ಜಿ.ಗೆ ಇನ್ನೂ 15 ಕೆ.ಜಿ. ಕಡಿಮೆ. "ಈ ಮಳೆಗಾಲದಲ್ಲಿ ಇನ್ನೊಂದ್ ನಾಲ್ಕ್ ಸಾಲ್ ನೆಡ್ತೆ, ಆಮೇಲೆ ಕಾಂಬ" ಎಂದರು. ಅಲ್ಲಿ ನಾನು ಹೇಳುವುದು ಏನೂ ಉಳಿದಿರಲಿಲ್ಲ, ಲಸಿಕೆ ಹಾಕಿ ಬಂದೆ.

ಒಂದು ಮೀಟರಿನ ಚೌಕಟ್ಟು ಮತ್ತು ತೂಗುಬಿಲ್ಲೆಯನ್ನು ಅಲ್ಲಿನ ಸಂಘದಲ್ಲಿ ಇಟ್ಟಿದ್ದೇವೆ. ಬೇಕಾದ ಸದಸ್ಯೆಯರು ಬೆಳಿಗ್ಗೆ ಹಾಲು ಹಾಕಲು ಬಂದಾಗ ಪುಸ್ತಕದಲ್ಲಿ ಹೆಸರು ಬರೆದು ಒಯ್ಯಬಹುದು. ಸಂಜೆಯ ಹಾಲಿನ ಹೊತ್ತಿಗೆ ವಾಪಸು ತನ್ನಿ, ಮರುದಿನಕ್ಕೆ ಬೇರೆಯವರು ಕಾಯುತ್ತಿರುತ್ತಾರೆ.